ಒಂಬತ್ತನೆಯ ಹುಲ್ಲುವೇಷ

ಡೆರಿಲಾಹಾನ್, ಮೇಯೋ ಸೀಮೆ
ಬೂದಿ ಬುಧವಾರದ ಮರುದಿನ, ೧೧ ಫೆಬ್ರುವರಿ ೧೯೩೭

ಪ್ರೀತಿಯ ಅಳಿಯ ಫೆಸ್ಟಸ್‌ಗೆ ನಿನ್ನ ಸೋದರಮಾವ ಬಾರ್ಟ್ಲಿ ಬರೆಯುವುದು.

ಹೇಗಿದ್ದೀಯ? ಎಲ್ಲರ ಕಾಗದದಲ್ಲೂ ಇದೇ ಮೊದಲ ಸಾಲು. ಬರೆಯುವವನು ಅಭ್ಯಾಸಕ್ಕೆ ಬರೆಯುತ್ತಾನೆ, ಓದುವವನು ಅದನ್ನು ದಾಟಿ ಸುದ್ದಿಗೆ ಹೋಗುತ್ತಾನೆ. ನೀನು ಈ ಸಲ ದಾಟಬೇಡ. ನಾನು ನಿಜವಾಗಿಯೂ ಕೇಳುತ್ತಿದ್ದೇನೆ. ಮೈಗೆ ಹುಷಾರಿದ್ದೀಯ ತಾನೆ? ಇಂಗ್ಲೆಂಡಿನ ಆ ಬಾಡಿಗೆ ಕೋಣೆಯಲ್ಲೇ ಇದ್ದೀಯ ತಾನೆ? ನಿನ್ನ ಕೊನೆಯ ಕಾಗದ ಬಂದು ಹದಿನಾಲ್ಕು ತಿಂಗಳಾಯಿತು. ಇಲ್ಲಿ ನಾವು ಇದ್ದೇವೆ. ನಿನ್ನ ಅಮ್ಮನ ಮಂಡಿ ಚಳಿಗಾಲದ ಮಂಡಿಯ ಹಾಗೇ ಇದೆ. ನಿನ್ನ ಅಣ್ಣ ಆಸ್ಟಿನ್ ಮೊದಲೇ ಮಾತು ಕಡಿಮೆ, ಈಗ ಇನ್ನೂ ಕಡಿಮೆ. ನನಗೆ ಐವತ್ತೆಂಟು ತುಂಬಿದರೂ ಹಲ್ಲುಗಳಲ್ಲಿ ಬಹುಪಾಲು ನನ್ನವೇ, ಕೂದಲು ಹೇಗಿತ್ತೋ ಹಾಗೇ ಇದೆ, ಮೂರು ಊರುಗಳ ಪೈಕಿ ಮದುವೆಯಾಗದ ಗಂಡಸರಲ್ಲಿ ನೋಡಲು ಚೆಂದದವನು ಯಾರು ಎಂದು ಯಾವ ವಿಧವೆಯನ್ನು ಕೇಳಿದರೂ ಹೇಳುತ್ತಾಳೆ. ಅಂಥ ನಾನು ಎರಡು ದಿನದಿಂದ ಬಾಗಿಲಿಗೆ ಅಗಳಿ ಹಾಕಿಕೊಂಡು ಕೂತಿದ್ದೇನೆ ಎಂದರೆ ನೀನು ನಂಬಲಾರೆ. ಅದಕ್ಕೆ ಕಾರಣ ಹೇಳಲೆಂದೇ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಇದು ನಿನ್ನ ಅಮ್ಮನಿಗೆ ಗೊತ್ತಿಲ್ಲ. ನವೆಂಬರಿನಲ್ಲಿ ಅಂಗಡಿಯವಳು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಇಂಗ್ಲೆಂಡಿನಲ್ಲಿ ಬೆಟ್ಟದೊಳಗೆ ಸುರಂಗ ಕೊರೆಯುವ ಕಡೆ ನೀರು ನುಗ್ಗಿ ಮೂರು ಜನ ಹೋದರಂತೆ. ಇಬ್ಬರ ಹೆಸರು ಹಾಕಿದ್ದರು. ಮೂರನೆಯವನು ನಮ್ಮ ದೇಶದವನು, ಎತ್ತರದ ಆಳು, ಕೆಂಚು ಕೂದಲು, ಇಪ್ಪತ್ತೈದರ ಆಸುಪಾಸು, ಹೆಸರು ತಿಳಿದಿಲ್ಲ ಎಂದಿತ್ತು. ನಾನು ಪೈಪು ಹಚ್ಚುವ ನೆಪದಲ್ಲಿ ಆ ಹಾಳೆಯನ್ನೇ ಹರಿದುಕೊಂಡೆ. "ಏನ್ ಮನುಷ್ಯನೋ ನೀನು, ಹಿಂದುಗಡೆ ಹಸು ಮಾರಾಟದ್ದು ಇತ್ತು" ಎಂದು ಅವಳು ಬೈದಳು. ಆ ಹಾಳೆ ಅಂದಿನಿಂದ ನನ್ನ ಟೋಪಿಯ ಒಳಪಟ್ಟಿಯಲ್ಲಿದೆ. ಕೆಂಚು ಕೂದಲಿನ ಎತ್ತರದ ಆಳುಗಳು ನಮ್ಮ ದೇಶದಲ್ಲಿ ಸಾವಿರ ಇದ್ದಾರೆ ಎಂದು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ. ಟೋಪಿ ಮಾತ್ರ ತಲೆಯ ಮೇಲೆ ಭಾರವಾಗುತ್ತಾ ಹೋಗುತ್ತಿದೆ.

ಈಗ ಸುದ್ದಿ. ನಿನ್ನ ತಂಗಿ ಸಬೀನಳ ಮದುವೆಯಾಯಿತು. ಮೊನ್ನೆ ಮಂಗಳವಾರ, ತಪಸ್ಸು ಕಾಲ ಶುರುವಾಗುವ ಹಿಂದಿನ ದಿನ. ಅವತ್ತು ತಪ್ಪಿದರೆ ಈಸ್ಟರ್ ತನಕ ಪಾದ್ರಿಗಳು ಯಾರಿಗೂ ಮದುವೆ ಮಾಡಿಸುವುದಿಲ್ಲವಲ್ಲ, ಅದಕ್ಕೇ ಆ ಒಂದೇ ದಿನ ಚರ್ಚಿನಲ್ಲಿ ಐದು ಮದುವೆ. ಹುಡುಗ ಕಿಲ್‌ಬೇನಿನ ಕೋಲ್ಮನ್, ಕುರಿ ಕೋಲ್ಮನ್ ಎಂದರೆ ನಿನಗೆ ಗೊತ್ತಾಗುತ್ತದೆ. ಈ ಸಂಬಂಧ ಕುದುರಿಸಿದ್ದು ಯಾರು ಎಂದು ಕೇಳು. ನಾನೇ. ಮಾತುಕತೆಯ ದಿನ ಅವನ ಅಪ್ಪ ಸಬೀನಳ ಜೊತೆ ಎರಡು ಹಸು ಬರಲಿ ಎಂದ, ನಾನು ಒಂದು ಹಸು ಮತ್ತು ನನ್ನ ಆಶೀರ್ವಾದ ಎಂದೆ, ಅವನು ಎದ್ದು ಹೋದ, ನಾನು ಅವನ ಟೋಪಿಯ ಮೇಲೆ ಕೂತಿದ್ದೆನಾದ್ದರಿಂದ ವಾಪಸು ಬರಲೇಬೇಕಾಯಿತು. ಬಂದವನು ಒಂದು ಹಸುವಿಗೇ ಒಪ್ಪಿದ. ಮರುದಿನವೇ ಹೆಬ್ಬಾತು ಕೊಯ್ದು ಊಟ ಹಾಕಿದೆವು. ನಮ್ಮಲ್ಲಿ ಹೆಬ್ಬಾತು ಬೆಂದ ಮೇಲೆ ಮಾತು ಹಿಂತೆಗೆಯುವವನಿಲ್ಲ.

ಹೆಬ್ಬಾತು ಎಂದೊಡನೆ ನಿನ್ನ ಮುಖ ಹೇಗಾಗುತ್ತದೆ ಎಂದು ನನಗೆ ಕಾಣುತ್ತದೆ. ಎರಡು ವರ್ಷದ ಹಿಂದೆ ಇದೇ ದಿನಗಳಲ್ಲಿ ನಿನ್ನ ಸಂಬಂಧದ ಹೆಬ್ಬಾತು ಕೊಯ್ಯುವುದೊಂದೇ ಬಾಕಿ ಇತ್ತು. ಹುಡುಗಿಯ ಅಪ್ಪ ಹೊಲ ಸುತ್ತಿ ನೋಡಲು ಬಂದ, ಕೆಳಗದ್ದೆಯಲ್ಲಿ ಜೊಂಡು ಬೆಳೆದದ್ದನ್ನು ಬೂಟಿನ ತುದಿಯಿಂದ ಒತ್ತಿದ, ನೀರು ಮೇಲೆ ಬಂತು, ಜೌಗು ನೆಲಕ್ಕೆ ಹೆಣ್ಣು ಕೊಡೆನೆಂದು ಗಾಡಿ ಹತ್ತಿ ಹೊರಟೇಹೋದ. ಅದಾದ ಭಾನುವಾರ, ಸೀಮೆಸುಣ್ಣದ ಭಾನುವಾರ, ಇನ್ನೂ ಮದುವೆಯಾಗದವರ ಬೆನ್ನಿಗೆ ಚರ್ಚಿನಲ್ಲಿ ಕದ್ದು ಗೀಟು ಎಳೆಯುವ ದಿನ. ಎಲ್ಲರ ಬೆನ್ನ ಮೇಲೂ ಗೀಟು. ನಿನ್ನ ಬೆನ್ನ ಮೇಲೆ ಯಾರೋ ಹೆಬ್ಬಾತನ್ನೇ ಬಿಡಿಸಿಬಿಟ್ಟಿದ್ದರು. ಚರ್ಚಿನ ಅಂಗಳದಲ್ಲಿ ಇಡೀ ಊರು ನಕ್ಕಿತು. ನಿನ್ನ ಹಿಂದೆ ಮೊಣಕಾಲೂರಿದ್ದವನು ಆಸ್ಟಿನ್. ನೀನು ಕೋಟು ಬಿಚ್ಚಿ ನೋಡಿದೆ, ಅಣ್ಣನ ಬಾಯಿಗೆ ಒಂದು ಬಿಟ್ಟೆ, ಕೋಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿನ ದಾರಿ ಹಿಡಿದೆ. "ನಾನಲ್ಲ ಕಣೋ" ಎಂದು ಆಸ್ಟಿನ್ ರಕ್ತ ಒರೆಸಿಕೊಳ್ಳುತ್ತಾ ಕೂಗಿದ್ದು ನಿನಗೆ ಕೇಳಿಸಿತೋ ಇಲ್ಲವೋ. ಇರಲಿ, ಹಳೆಯ ಮಾತು. ನನ್ನ ಬೆನ್ನಿಗೆ ಮೂವತ್ತೆಂಟು ವರ್ಷದಲ್ಲಿ ಯಾವನೂ ಒಂದು ಚುಕ್ಕೆ ಇಡಲು ಆಗಿಲ್ಲ ಎಂಬುದನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ.

ಮದುವೆಯ ದಿನಕ್ಕೆ ಬರುತ್ತೇನೆ. ಹಿಂದಿನ ಸಂಜೆ ನಿನ್ನ ಅಮ್ಮ ಮಳೆ ಬಾರದಿರಲೆಂದು ಬಾಲಯೇಸುವಿನ ಪ್ರತಿಮೆಯನ್ನು ಬೇಲಿಯ ಬುಡದಲ್ಲಿ ಇಟ್ಟಿದ್ದರಿಂದ ಆಕಾಶ ಗಾಜಿನ ಹಾಗೆ ತಿಳಿಯಾಗಿತ್ತು. ಒಂದು ಹನಿ ಇಲ್ಲ, ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಈ ಮಾತನ್ನು ನೆನಪಿನಲ್ಲಿಡು, ಮುಂದೆ ಬೇಕಾಗುತ್ತದೆ. ಚರ್ಚಿನಿಂದ ಬಂದ ಸಬೀನಳ ತಲೆಯ ಮೇಲೆ ನಿನ್ನ ಅಮ್ಮ ಹೊಸ್ತಿಲಲ್ಲೇ ಓಟ್ಸ್ ರೊಟ್ಟಿ ಮುರಿದಳು. ಅದರ ಒಂದು ಚೂರು ಸಿಕ್ಕರೆ ಅದೃಷ್ಟವೆಂದು ಹುಡುಗಿಯರೆಲ್ಲ ಮುಗಿಬಿದ್ದರು. ನಿನ್ನ ಅಮ್ಮ ಒಂದು ಚೂರನ್ನು ಯಾರಿಗೂ ಕಾಣದ ಹಾಗೆ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಯಾರ ಪಾಲಿನದು ಎಂದು ನಾನು ಕೇಳಲಿಲ್ಲ.

ಮದುವೆ ಮನೆಗೆ ಮುಖ ಮುಚ್ಚಿಕೊಂಡು ನುಗ್ಗಿ ಕುಣಿಯುವ ನಮ್ಮ ಹುಲ್ಲುವೇಷದ ತಂಡಕ್ಕೆ ಈಗಲೂ ನಾಯಕ ನಾನೇ. ಸ್ವಂತ ಸೋದರಸೊಸೆಯ ಮದುವೆಗೆ ಕರೆಯದೆ ಬರುವ ಅತಿಥಿಯಾಗಿ ಹೋಗುವ ಸೊಗಸೇ ಬೇರೆ. ಊಟ ಮುಗಿಸಿ ಹೊಟ್ಟೆನೋವೆಂದು ಹೇಳಿ ಜಾರಿಕೊಂಡೆ. ಹಳೆಯ ಸುಣ್ಣದ ಭಟ್ಟಿಯಲ್ಲಿ ನಾವು ಎಂಟು ಜನ ಸೇರಿದೆವು. ನನ್ನ ಕರಿ ಕೋಟನ್ನು ಬಿಚ್ಚಿ ಗೋಡೆಯ ಮೊಳೆಗೆ ಹಾಕಿದೆ. ಬಿಳಿ ಅಂಗಿಯ ಮೇಲೆ ಹುಲ್ಲಿನ ಲಂಗ, ಹುಲ್ಲಿನ ಮೇಲುಹೊದಿಕೆ, ಮುಖ ಮುಚ್ಚಿ ಎದೆಯ ತನಕ ಇಳಿಯುವ ಎತ್ತರದ ಕುಲಾವಿ. ಎಂಟೂ ನಾನೇ ಹೆಣೆದದ್ದು, ಹೊಸ ಹುಲ್ಲು, ಬಂಗಾರದ ಬಣ್ಣ. ನೇಕಾರ ಡಾರ್ಬಿಯ ಹೊಟ್ಟೆಗೆ ಒಂದು ಕಟ್ಟು ಹೆಚ್ಚು ಬೇಕಾಯಿತು. "ನನ್ನನ್ನ ದನ ತಿಂದ್ಬಿಟ್ರೆ ಏನ್ ಮಾಡ್ತೀಯ ಬಾರ್ಟ್ಲಿ?" ಎಂದ. "ದನಕ್ಕೆ ಅಜೀರ್ಣ ಆಗುತ್ತೆ" ಎಂದೆ. ಎಣಿಸಿಕೊಂಡೇ ಹೊರಟೆ. ಎಂಟು. ಆಗ ದೀಪ ಹಚ್ಚುವ ಹೊತ್ತು.

ಮನೆಯೊಳಗೆ ನುಗ್ಗಿದಾಗ ಪಿಟೀಲು ನಿಂತಿತು, ಮಕ್ಕಳು ಕಿರುಚಿ ಮೇಜಿನಡಿ ಸೇರಿದವು. ವೇಷದೊಳಗಿನವನು ಮಾತಾಡಬಾರದು, ಆಡಿದರೂ ಉಸಿರು ಒಳಗೆಳೆದು ಗುರುತು ಸಿಗದ ದನಿಯಲ್ಲಿ ಆಡಬೇಕು. ಮದುವೆ ಮನೆಯಲ್ಲಿ ಒಬ್ಬನ ಮುಖ ತೆರೆದರೂ ಮದುಮಗಳಿಗೆ ಕೇಡು. ಇದೆಲ್ಲ ನಿನಗೆ ಹಾಲು ಕುಡಿಯುವಾಗಲೇ ಗೊತ್ತು. ನಾನು ಬಗ್ಗಿ ವಂದಿಸಿ ಸಬೀನಳನ್ನು ಕುಣಿಸಿದೆ. ನನ್ನ ಕಾಲು ಇನ್ನೂ ಹಗುರ ಎಂದು ಎದುರುಮನೆಯ ಮುದುಕಿ ಹೇಳಿದ್ದು ಕಿವಿಗೆ ಬಿತ್ತು. ನಂತರ ನಮ್ಮವರು ಒಬ್ಬೊಬ್ಬರಾಗಿ ಕುಣಿಸಿದರು. ನಾನು ಗೋಡೆಗೊರಗಿ ಸುಮ್ಮನೆ ಎಣಿಸುತ್ತಿದ್ದೆ. ಎಂಟನೆಯವನು ಡಾರ್ಬಿ, ಹೊಟ್ಟೆಯೇ ಹೇಳಿತು. ಡಾರ್ಬಿ ಕೈ ಬಿಟ್ಟ ಮೇಲೆ ಇನ್ನೊಬ್ಬ ಮುಂದೆ ಬಂದ.

ಅವನ ಹುಲ್ಲು ನನ್ನ ಹುಲ್ಲಲ್ಲ. ಹಳೆಯದು, ಕಂದು ಬಣ್ಣಕ್ಕೆ ತಿರುಗಿದ್ದು. ಮೊಣಕಾಲಿನಿಂದ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಹೊರಗೆ ಒಂದು ಹನಿ ಇರಲಿಲ್ಲ ಎಂದೆನಲ್ಲ. ಅವನು ನಿಂತ ಕಡೆ ಚಪ್ಪಡಿಯ ಮೇಲೆ ಒದ್ದೆ ಮೂಡುತ್ತಾ ಹೋಯಿತು. ಎತ್ತರದ ಆಳು. ಕೈಗಳಿಗೆ ಉಣ್ಣೆಯ ಕಾಲುಚೀಲ ಸುತ್ತಿಕೊಂಡಿದ್ದ. ಪಿಟೀಲಿನವನು ಶುರು ಮಾಡಿದ, ಅವನು ಕುಣಿದ. ಫೆಸ್ಟಸ್, ಅವನು ಎಡ ಹಿಮ್ಮಡಿಯನ್ನು ಎರಡು ಸಲ ಬಡಿದು ಬಲಗಾಲನ್ನು ತಡಮಾಡಿ ಇಟ್ಟ. ಆ ಹೆಜ್ಜೆಯನ್ನು ನಾನು ಕಂಡುಹಿಡಿದದ್ದು. ಇಡೀ ಮೇಯೋದಲ್ಲಿ ಅದನ್ನು ಒಬ್ಬನಿಗೆ ಮಾತ್ರ ಕಲಿಸಿದ್ದೇನೆ, ಅದೂ ಬಾಗಿಲಿನ ಕೆಳಗಿನ ಹಲಗೆಯನ್ನು ಕಳಚಿ ನೆಲಕ್ಕೆ ಹಾಸಿ, ಅವನಿಗೆ ಒಂಬತ್ತು ವರ್ಷವಾಗಿದ್ದಾಗ.

ಮೊದಲು ಎದೆ ಹಿಗ್ಗಿತು ಎಂದು ಸುಳ್ಳು ಹೇಳುವುದಿಲ್ಲ. ಮೊದಲು ಬಂದದ್ದು ಭಯ. ಟೋಪಿಯನ್ನು ಭಟ್ಟಿಯಲ್ಲಿ ಬಿಟ್ಟುಬಂದಿದ್ದರೂ ಅದರೊಳಗಿನ ಹಾಳೆ ನೆತ್ತಿಯ ಮೇಲೆ ಸುಡುತ್ತಿತ್ತು. ನೀರು ನುಗ್ಗಿ ಎಂದು ಓದಿದ್ದಳಲ್ಲ ಅಂಗಡಿಯವಳು. ಕುಲಾವಿಯ ಸಂದಿಯಿಂದ ನಾನು ಆ ಒದ್ದೆಯನ್ನೇ ನೋಡುತ್ತಾ ನಿಂತೆ. ಎರಡು ಹೆಜ್ಜೆ ಇಟ್ಟಿದ್ದರೆ ಅವನ ಮುಖದ ಹುಲ್ಲು ಎತ್ತಬಹುದಿತ್ತು. ಎತ್ತಿದರೆ ಸಬೀನಳಿಗೆ ಕೇಡು. ಎತ್ತಿ ಒಳಗೆ ಯಾರೂ ಇಲ್ಲದಿದ್ದರೆ ಅದಕ್ಕಿಂತ ಕೇಡು. ಮೂವತ್ತು ವರ್ಷದಿಂದ ನಾಯಕನಾದವನು ಕೈ ಕಟ್ಟಿಕೊಂಡು ನಿಂತೆ. ಕುಣಿತ ಬಿರುಸಾದಾಗ ಸಬೀನ ಮೈಮರೆತು ಹಾರಲು ಹೋದಳು. ಮದುಮಗಳ ಎರಡೂ ಪಾದ ಒಟ್ಟಿಗೆ ನೆಲ ಬಿಟ್ಟರೆ ದಿಬ್ಬದೊಳಗಿನ ಮಾಯಾಜನ, ಹೆಸರೆತ್ತಲು ಹೆದರಿ ನಾವು ಒಳ್ಳೆಯವರು ಎನ್ನುತ್ತೇವಲ್ಲ, ಅವರು ಎತ್ತಿಕೊಂಡು ಹೋಗುತ್ತಾರೆ, ಅದು ಅವಳಿಗೂ ಗೊತ್ತು, ಮರೆತಳು. ಅವನು ಅವಳ ಹೆಗಲನ್ನು ಒತ್ತಿ ಒಂದು ಪಾದವನ್ನು ನೆಲದಲ್ಲೇ ಉಳಿಸಿದ. ಆಮೇಲೆ ಅವಳು ನನ್ನ ಹತ್ತಿರ ಬಂದು, "ಮಾವ, ಅವನ್ಯಾರು? ಕೈ ಮಂಜುಗಡ್ಡೆ ಥರ ಇತ್ತು. ಕಾಲುಚೀಲದ ಮೇಲಿಂದ್ಲೇ ತಣ್ಣಗೆ ತಾಗ್ತು. ನನ್ನ ಹೆಜ್ಜೆ ಎಲ್ಲಾ ಅವನಿಗೆ ಮೊದಲೇ ಗೊತ್ತಿತ್ತು" ಎಂದಳು. ನಾನು ಉಸಿರು ಒಳಗೆಳೆದು, "ಪಕ್ಕದೂರಿನವ್ನು" ಎಂದೆ.

ಕುಣಿತವಾದ ಮೇಲೆ ವೇಷದವರಿಗೆ ಕುಡಿಯಲು ಕೊಡಬೇಕಲ್ಲ. ಎಂಟು ಜನ ಎಂದು ನಾನು ನಿನ್ನ ಅಮ್ಮನಿಗೆ ಮೊದಲೇ ಪಿಸುಗುಟ್ಟಿದ್ದೆ, ಎಂಟು ಲೋಟ ಜೋಡಿಸಿಟ್ಟಿದ್ದಳು. ಒಂಬತ್ತನೆಯವನ ಮುಂದೆ ಬಂದಾಗ ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಕಪಾಟಿನ ಕೊಕ್ಕೆಯಿಂದ ನೀಲಿ ಪಟ್ಟೆಯ ಮಗ್ಗು ತೆಗೆದು ತುಂಬಿಸಿ ಕೊಟ್ಟಳು. ಅದು ಯಾರ ಮಗ್ಗು ಎಂದು ನಾನು ನಿನಗೆ ಹೇಳಬೇಕಾಗಿಲ್ಲ, ಎರಡು ವರ್ಷದಿಂದ ಅದರಲ್ಲಿ ಯಾರಿಗೂ ನೀರು ಕೂಡ ಕೊಟ್ಟಿಲ್ಲ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಬಾಗಿದ. ನಾವೆಲ್ಲ ಕುಲಾವಿಯೊಳಗೆ ಲೋಟ ತೂರಿಸಿ ಕುಡಿದೆವು. ಅವನು ಬಾಗಿಲ ಕಡೆ ಹೋದ. ಹೊರಗೆ ಬಂದು ಎಣಿಸಿದರೆ ಎಂಟು. ಡಾರ್ಬಿಯನ್ನು ಕೇಳಿದೆ. "ಇನ್ನೊಬ್ಬ? ನಾನು ನೀನೇ ಎರಡು ಸಲ ಕುಣಿದೆ ಅಂದ್ಕೊಂಡೆ, ಜಂಬದ ಕೋಳಿ" ಎಂದ. ಮಗ್ಗು ಕಿಟಕಿಯ ಹೊರಗಟ್ಟೆಯ ಮೇಲಿತ್ತು. ಅಂಚಿನ ತನಕ ತುಂಬಿಯೇ ಇತ್ತು.

ಭಟ್ಟಿಯಲ್ಲಿ ವೇಷ ಕಳಚಿದೆವು. ಕತ್ತಲಲ್ಲೇ ತಡಕಿ ಕೋಟು ಹಾಕಿಕೊಂಡು ಮನೆಗೆ ಓಡಿದೆ. ಹೌದು, ಓಡಿದೆ. ನಿನ್ನ ಹಳೆಯ ಹುಲ್ಲುವೇಷ ಭಟ್ಟಿಯ ಅಟ್ಟದಲ್ಲೇ ತೂಗುತ್ತಿರುತ್ತದೆ, ನಿನಗೆ ಗೊತ್ತು. ಅದು ಅಲ್ಲಿದೆಯೇ, ಇದ್ದರೆ ಒದ್ದೆಯಾಗಿದೆಯೇ, ಧೂಳು ಹಿಡಿದಿದೆಯೇ ಎಂದು ಹತ್ತಿ ನೋಡಿದರೆ ಮುಗಿಯಿತು. ನೋಡಲಿಲ್ಲ. ಧೂಳು ಹಿಡಿದಿದ್ದರೆ ಬಂದದ್ದು ಯಾವುದು? ಈ ಪ್ರಶ್ನೆಯನ್ನು ನಾನು ಹಗಲಿನಲ್ಲೂ ಕೇಳಿಕೊಳ್ಳಲಾರೆ.

ನಿನ್ನೆ ಬೂದಿ ಬುಧವಾರ. ಹುಟ್ಟಿದ ಮೇಲೆ ಮೊದಲ ಸಲ ನಾನು ಬೂದಿಗೆ ಚರ್ಚಿಗೆ ಹೋಗಲಿಲ್ಲ. ನಿನ್ನ ಅಮ್ಮನೇ ಕಾಗದದ ಚೂರಿನಲ್ಲಿ ಬೂದಿ ಕಟ್ಟಿಸಿಕೊಂಡು ಬಂದಳು. ಹೆಬ್ಬೆರಳಿನಿಂದ ನನ್ನ ಹಣೆಗೆ ಒತ್ತುತ್ತಾ, "ಮಣ್ಣಿಂದ ಬಂದೋನು ಮಣ್ಣಿಗೇ ಹೋಗ್ತೀಯ, ನೆನಪಿಟ್ಕೋ" ಎಂದು ಪಾದ್ರಿಗಳ ಮಾತನ್ನೇ ಹೇಳಿದಳು. ಬೆರಳು ತೆಗೆಯದೆ ಕೇಳಿದಳು: "ಬಾರ್ಟ್ಲಿ, ಮೊನ್ನೆ ಎಷ್ಟು ಜನ ಬಂದಿದ್ರಿ?"

"ಒಂಬತ್ತು. ಡಾರ್ಬಿ ಕಡೆಯವನೊಬ್ಬ ಕೊನೇ ಗಳಿಗೇಲಿ ಸೇರ್ಕೊಂಡ."

"ಸುಳ್ಳು ಹೇಳೋವಾಗ ನಿನ್ನ ಎಡಕಣ್ಣು ಮುಚ್ಕೊಳುತ್ತೆ. ಚಿಕ್ಕೋನಿದ್ದಾಗ್ಲಿಂದ." ಅವಳು ಒಲೆಯ ಮುಂದೆ ಕೂತು ಕೈ ಕಾಯಿಸಿಕೊಂಡಳು. "ಆ ಡಾರ್ಬಿ ಕಡೆಯವನು ಸಿಕ್ಕರೆ ಹೇಳು. ಮಗ್ಗಲ್ಲಿರೋದನ್ನ ಚೆಲ್ಲಿಲ್ಲ, ತಟ್ಟೆ ಮುಚ್ಚಿ ಇಟ್ಟಿದೀನಿ ಅಂತ."

ಅಷ್ಟೇ ಹೇಳಿ ಎದ್ದು ಹೋದಳು. ಅವಳಿಗೆ ಪತ್ರಿಕೆಯ ವಿಷಯ ಗೊತ್ತಿಲ್ಲ. ಅವಳಿಗೆ ಅದು ಮಗ ಬಂದು ಮುಖ ತೋರಿಸದೆ ಹೋದ ಸಂಕಟ ಮಾತ್ರ. ನನಗೆ ಮಾತ್ರ ಇನ್ನೊಂದು ಅರ್ಥವೂ ಗೊತ್ತು. ಈ ಎರಡರಲ್ಲಿ ಯಾವುದು ನಿಜ ಎಂದು ನೀನೊಬ್ಬನೇ ಹೇಳಬಲ್ಲೆ. ಹೇಳುವ ಸ್ಥಿತಿಯಲ್ಲಿ ನೀನು ಇದ್ದರೆ.

ಇಲ್ಲಿಗೆ ನಿಲ್ಲಿಸುತ್ತೇನೆ. ಎದ್ದಾಗಲೂ ಕೂತಾಗಲೂ ದೇವರ ಕೈ ನಿನ್ನ ತಲೆಯ ಮೇಲಿರಲಿ, ದೇವಮಾತೆಯ ಸೆರಗು ನಿನ್ನ ಹೆಗಲ ಮೇಲಿರಲಿ, ನಿನ್ನ ಬೂಟಿನೊಳಗೆ ನೀರು ಬಾರದಿರಲಿ. ಸಬೀನ, ಅವಳ ಕುರಿಗಾರ, ಮಾತಿಲ್ಲದ ಆಸ್ಟಿನ್, ಎಲ್ಲರೂ ನಿನ್ನನ್ನು ಕೇಳಿದರೆಂದು ತಿಳಿ.

ನಿನ್ನ ಸೋದರಮಾವ,
ಬಾರ್ಟ್ಲಿ
(ಮೂವತ್ತು ವರ್ಷದಿಂದ ಹುಲ್ಲುವೇಷದ ನಾಯಕ)

ಮರೆತದ್ದು: ಶುಕ್ರವಾರ ಬೆಳಿಗ್ಗೆ. ಕಾಗದ ಅಂಚೆಗೆ ಹಾಕಲು ಹೊರಟು ಕರಿ ಕೋಟನ್ನು ಮನೆಯ ಮೊಳೆಯಿಂದ ತೆಗೆದೆ. ಮಂಗಳವಾರ ರಾತ್ರಿ ಓಡಿ ಬಂದು ಬಿಚ್ಚಿಹಾಕಿದವನು ಇವತ್ತೇ ಬೆಳಕಿನಲ್ಲಿ ನೋಡಿದ್ದು. ಬೆನ್ನ ಮೇಲೆ ಬಿಳಿ. ಭಟ್ಟಿಯ ಗೋಡೆಯ ಸುಣ್ಣ ತಾಗಿರಬೇಕೆಂದು ಕಿಟಕಿಗೆ ಹಿಡಿದೆ. ಸುಣ್ಣ ಅಲ್ಲ. ಹೆಬ್ಬಾತು. ಉದ್ದ ಕೊರಳು, ತೆರೆದ ಕೊಕ್ಕು, ಒಂದೇ ಕಾಲು.

ಫೆಸ್ಟಸ್, ನಿನ್ನ ಬೆನ್ನ ಮೇಲೆ ಅದನ್ನು ಬಿಡಿಸಿದವನು ನಾನು. ಆಸ್ಟಿನ್ ಅಲ್ಲ. ನಾನು ಆಸ್ಟಿನ್ನನ ಪಕ್ಕದಲ್ಲಿದ್ದೆ, ಅವನ ತೋಳಿನಡಿಯಿಂದ ಕೈ ಚಾಚಿದೆ. ನಗೆಯಾಗುತ್ತದೆ ಎಂದುಕೊಂಡೆ, ನಿನ್ನ ಗಾಯ ಎಷ್ಟು ಹಸಿ ಎಂದು ಯೋಚಿಸಲಿಲ್ಲ. ಎರಡನೆಯ ಕಾಲು ಎಳೆಯುವಷ್ಟರಲ್ಲಿ ನೀನು ಎದ್ದುಬಿಟ್ಟೆ. ಊರು ನಕ್ಕಿತೇ ಹೊರತು ಕಾಲು ಎಷ್ಟೆಂದು ಯಾರೂ ಎಣಿಸಲಿಲ್ಲ. ಆಮೇಲೆ ಆ ಕೋಟು ನಿನ್ನ ಬಳಿ ಮಾತ್ರ ಇತ್ತು. ಯಾರ ಕೈ ಎಂದು ನಿನಗೆ ಯಾವಾಗ ತಿಳಿಯಿತೋ ನನಗೆ ಗೊತ್ತಿಲ್ಲ. ಸತ್ತವರು ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು ತಿರುಗುವುದಿಲ್ಲ ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ಹೇಳಿ ಮುಗಿಸಿ, ಅಗಳಿ ಸರಿಯಾಗಿ ಬಿದ್ದಿದೆಯೇ ಎಂದು ನೋಡಿಬಂದೆ.

ನಾಳಿದ್ದು ಸೀಮೆಸುಣ್ಣದ ಭಾನುವಾರ. ಕೋಟನ್ನು ಒರೆಸಿಲ್ಲ. ಅದನ್ನೇ ಹಾಕಿಕೊಂಡು ಚರ್ಚಿಗೆ ಹೋಗುತ್ತೇನೆ, ಎಲ್ಲರೂ ನಗಲಿ, ಅಂಗಳದಲ್ಲಿ ಆಸ್ಟಿನ್‌ಗೂ ನಿನ್ನ ಅಮ್ಮನಿಗೂ ಎಲ್ಲ ಹೇಳುತ್ತೇನೆ. ಆಸ್ಟಿನ್ ನನ್ನ ಬಾಯಿಗೆ ಒಂದು ಬಿಟ್ಟರೆ ಹಲ್ಲಿನ ಲೆಕ್ಕ ಮುಂದಿನ ಸಲ ಬರೆಯುತ್ತೇನೆ. ಈ ಕಾಗದವನ್ನು ನಿನ್ನ ಬಾಡಿಗೆ ಕೋಣೆಯ ಮನೆಯೊಡತಿ ಒಡೆದು ಓದುತ್ತಿದ್ದರೆ, ಅಮ್ಮಾ, ಆ ಕೆಂಚು ಕೂದಲಿನವನು ಎಲ್ಲಿ ಎಂದು ನನಗೆ ಮಾತ್ರ ತಿಳಿಸಿ, ಅವನ ತಾಯಿಗೆ ಬೇಡ. ನೀನೇ ಓದುತ್ತಿದ್ದರೆ, ಕ್ಷಮಿಸಿದ್ದೀಯ ಎಂದು ಬರೆಯಬೇಡ, ಬರುತ್ತೇನೆ ಎಂದೂ ಬರೆಯಬೇಡ. ಒಂದು ಕಾರ್ಡಿನ ಮೇಲೆ ಆ ಹೆಬ್ಬಾತಿನ ಇನ್ನೊಂದು ಕಾಲು ಎಳೆದು ಕಳಿಸು. ನಿನ್ನ ಗೆರೆಯನ್ನು ನಾನು ಗುರುತು ಹಿಡಿಯುತ್ತೇನೆ.